ಚೇಡತ್ತಿಯ ಅವಸರದ ಅಪ್ಪಂ

ಚೇಡತ್ತಿ ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಈ ಸಲದ ಈಸ್ಟರ್ ನೋಂಬು ಶುರುವಾದಂದಿನಿಂದ ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗುತ್ತಿಲ್ಲ. ಸತ್ತವರ ಬಗ್ಗೆ ಹೇಳುವಾಗ ದನಿ ತಗ್ಗಿಸಬೇಕು ಎನ್ನುತ್ತಾರೆ. ಆದರೆ ಈ ಹೆಂಗಸಿನ ಬಗ್ಗೆ ದನಿ ತಗ್ಗಿಸಿ ಹೇಳಿದರೆ ಅವರೇ ಎದ್ದು ಬಂದು, "ಎಂತ ಡಾಕ್ಟ್ರೇ, ಗಂಟಲಿಗೆ ಎಂತ ಆಯ್ತು?" ಎಂದು ಕೇಳಿಯಾರು! ಹಾಗಾಗಿ ಜೋರಾಗಿಯೇ ಹೇಳುತ್ತೇನೆ. ಮನುಷ್ಯರಿಗೆ ಬಿಡುಗಡೆ ಸಿಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಮಾರಾಯ್ರೆ. ಪುರಾಣದಲ್ಲಿ ಅಲ್ಲ, ಕಡಬದಿಂದ ಆಲೆಟ್ಟಿಗೆ ಹೋದ ಒಂದು ಗುರುವಾರ.

ನಾನು ಡಾಕ್ಟರ್ ಅಲ್ಲ. ಪಶು ಇಲಾಖೆಯಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವ ಸಾದಾ ನೌಕರ. ಕೊಯಿಲದ ಫಾರ್ಮಿಗೆ ವರ್ಗವಾಗಿ ಬಂದು ಕಡಬದಲ್ಲಿ ಬಾಡಿಗೆಗೆ ಮನೆ ಹಿಡಿದಾಗ, ಬೇಲಿಯಾಚೆಯ ಮನೆ ಅವರದಾಗಿತ್ತು. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟ ಸಿರಿಯನ್ ಕ್ರೈಸ್ತರ ಮನೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದ ದಿನ ಅವರ ದನ ನನ್ನನ್ನು ಕಂಡದ್ದೇ ಹಗ್ಗ ಹರಿಯುವ ಹಾಗೆ ಕುಣಿಯಿತು. ಅಷ್ಟರಲ್ಲಿ ನೈಟಿಯ ಮೇಲೆ ಹೆಗಲಿಗೊಂದು ತೋರ್ತು, ಅಂದರೆ ತೆಳು ಟವೆಲು, ಹಾಕಿಕೊಂಡ ಎತ್ತರದ ಹೆಂಗಸೊಬ್ಬರು ಹಟ್ಟಿಯ ಬಾಗಿಲಿಗೆ ಬಂದು ಮಲಯಾಳದಲ್ಲಿ ಒಂದೇ ಒಂದು ಮಾತು ಕೂಗಿದರು. ದನ ಕಲ್ಲಾಯಿತು. ಸಿರಿಂಜು ಹಿಡಿದ ನಾನೂ ಕಲ್ಲಾದೆ.

"ಹಾಕಿ ಡಾಕ್ಟ್ರೇ, ಹೆದರ್ಬೇಡಿ. ಬೈದದ್ದು ಅದಕ್ಕೆ. ನಿಮಗೆ ಬೈಲಿಕ್ಕೆ ಇನ್ನೂ ಸಮಯ ಉಂಟಲ್ಲ," ಎಂದರು.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಚೇಡತ್ತಿಗೆ ಕೋಪ ಮೂಗಿನ ತುದಿಯಲ್ಲಿಯೇ ಇತ್ತು. ಲೈನ್‌ಮ್ಯಾನ್, ಬಸ್ಸಿನ ಕಂಡಕ್ಟರ್, ರಬ್ಬರ್ ಶೀಟು ಕೊಳ್ಳುವವರು, ಇಗರ್ಜಿಯ ಕಮಿಟಿಯವರು, ಯಾರಿಗೂ ರಿಯಾಯಿತಿ ಇರಲಿಲ್ಲ. ಮಳೆ ತಡವಾದರೆ ಆಕಾಶ ನೋಡಿ ದೇವರಿಗೂ ಒಂದೆರಡು ಮಾತು ಸಲ್ಲುತ್ತಿತ್ತು. ಆದರೆ ಬೈದ ಕೈಯೇ ತಟ್ಟೆ ತುಂಬಾ ಬೇಯಿಸಿದ ಮರಗೆಣಸು ತಂದಿಡುತ್ತಿತ್ತು. ಬೈಸಿಕೊಂಡವರು ಅದನ್ನು ತಿಂದು, ಇನ್ನೊಮ್ಮೆ ಬೈಸಿಕೊಳ್ಳಲು ಬರುತ್ತಿದ್ದರು. ಮಲಯಾಳದಲ್ಲಿ ಚೇಡತ್ತಿ ಎಂದರೆ ಅತ್ತಿಗೆ, ಅಣ್ಣನ ಹೆಂಡತಿ. ಊರಿಡೀ ಅವರನ್ನು ಹಾಗೆಯೇ ಕರೆಯುತ್ತಿತ್ತು, ತುಳುವರಾದ ನಾವೂ ಹಾಗೆಯೇ ಕರೆದೆವು.

ಆದರೆ ನೋಂಬು ಬಂದರೆ ಕಥೆಯೇ ಬೇರೆ! ಈಸ್ಟರಿಗೆ ಮೊದಲಿನ ಆ ಉಪವಾಸದ ಕಾಲದಲ್ಲಿ ಅವರ ಜನ ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಚೇಡತ್ತಿ ಅದರೊಂದಿಗೆ ಬೈಗುಳವನ್ನೂ ಬಿಡುತ್ತಿದ್ದರು. "ಮೀನು ಬಿಟ್ರೆ ಮೀನಿಗೆ ಲಾಭ ಡಾಕ್ಟ್ರೇ. ಬೈಗುಳ ಬಿಟ್ರೆ ಊರಿಗೆ ಲಾಭ," ಎನ್ನುತ್ತಿದ್ದರು. ಹಣೆಗೆ ಬೂದಿ ಬಳಿಸಿಕೊಂಡು ಇಗರ್ಜಿಯಿಂದ ಬಂದ ಮೊದಲ ಸೋಮವಾರದಿಂದ ಬಾಯಿಗೆ ಬೀಗ. ಕೋಪ ಬಂದಾಗಲೆಲ್ಲ ಹೆಗಲ ಮೇಲಿನ ತೋರ್ತಿನಿಂದ ಮುಖ ಗಸಗಸ ಉಜ್ಜಿಕೊಳ್ಳುತ್ತಿದ್ದರು. ಈಸ್ಟರ್ ಹತ್ತಿರ ಬರುವಷ್ಟರಲ್ಲಿ ಮುಖ ಕೆಂಪಾಗಿ, ತೋರ್ತು ನೂಲು ನೂಲಾಗಿರುತ್ತಿತ್ತು.

ಇದರ ಪೂರ್ತಿ ಲಾಭ ಪಡೆದವರು ಮೀನು ಮಾರುವ ಮುಸ್ಲಿಮರು, ನಮ್ಮ ಬ್ಯಾರಿಗಳು. ಇಡೀ ನೋಂಬು ಅವರಿಂದ ಒಂದು ಬಂಗುಡೆಯನ್ನೂ ಕೊಳ್ಳದ ಮನೆಯ ಗೇಟಿನ ಮುಂದೆ ದಿನಾ ಮೊಪೆಡ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು.

"ಚೇಡತ್ತೀ, ತಾಜಾ ಅಂಜಲ್ ಉಂಟು. ನೋಡ್ಲಿಕ್ಕೆ ಹಣ ಕೊಡ್ಬೇಕೂಂತ ಇಲ್ಲ."

ಚೇಡತ್ತಿ ಮುಖ ಉಜ್ಜಿಕೊಳ್ಳುತ್ತಿದ್ದರು.

"ನಮಗೂ ಈಗ ನೋಂಬು ಉಂಟು ಚೇಡತ್ತಿ. ನಾವು ನೀರು ಸಹ ಕುಡಿಯುದಿಲ್ಲ. ನಿಮ್ಮದು ಎಂತ ನೋಂಬು, ಮಧ್ಯಾಹ್ನ ಊಟ ಉಂಟು, ಸಂಜೆಗೆ ಚಾ ಉಂಟು!"

"ನೀವು ನೀರು ಬಿಟ್ಟದ್ದು ಹೌದು ಬ್ಯಾರಿಗಳೇ. ನಾಲಿಗೆ ಬಿಡ್ಲಿಲ್ಲ. ನಾನು ನಾಲಿಗೆ ಬಿಟ್ಟದ್ದು. ಯಾವುದು ಕಷ್ಟ, ನೀವೇ ಹೇಳಿ."

ಬ್ಯಾರಿಗಳು ಬಿದ್ದು ಬಿದ್ದು ನಗುತ್ತಿದ್ದರು. ಇಬ್ಬರ ಭಾಷೆಯಲ್ಲೂ ಉಪವಾಸಕ್ಕೆ ನೋಂಬು ಎಂದೇ ಹೆಸರು. ಕೆಲವು ವರ್ಷ ರಂಜಾನೂ ಸೇರಿ ಎರಡು ನೋಂಬುಗಳೂ ಒಟ್ಟಿಗೇ ಬಿದ್ದಾಗ ಆ ಗೇಟಿನ ಹತ್ತಿರದ ಜುಗಲ್ಬಂದಿ ಕೇಳಲು ನಾನು ಆಫೀಸಿಗೆ ತಡವಾದರೂ ಚಿಂತೆಯಿಲ್ಲ ಎಂದು ನಿಲ್ಲುತ್ತಿದ್ದೆ.

ನೋಂಬಿನ ಶುಕ್ರವಾರಗಳಲ್ಲಿ ಇಗರ್ಜಿಯವರು ಶಿಲುಬೆ ಹೊತ್ತು ಪ್ರಾರ್ಥನೆ ಮಾಡುತ್ತ ಗುಡ್ಡ ಹತ್ತುತ್ತಾರೆ. ಇಳಿದು ಬಂದವರಿಗೆ ಗಂಜಿ, ಬೇಯಿಸಿದ ಹೆಸರುಕಾಳು. ಆ ಗಂಜಿಯ ಕೊಪ್ಪರಿಗೆಯ ಯಜಮಾನಿಕೆ ಚೇಡತ್ತಿಯದು. "ಗಂಜಿಗೆ ಜಾತಿ ಇಲ್ಲ, ಕೊಪ್ಪರಿಗೆ ಇಳಿಸ್ಲಿಕ್ಕೆ ಜನ ಬೇಕು," ಎಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಎಂಥ ಗಂಜಿ ಅದು! ತೆಂಗಿನಕಾಯಿ ಚಟ್ನಿ, ಸುಟ್ಟ ಹಪ್ಪಳ. ಗುಡ್ಡ ಹತ್ತದ ನಾನೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಗಂಜಿ ಕುಡಿಯುತ್ತ ಹೆಂಗಸರು ಧ್ಯಾನದ ಸುದ್ದಿ ಹೇಳುತ್ತಿದ್ದರು. ಧ್ಯಾನ ಎಂದರೆ ಕೆಲವು ದಿನ ಒಂದು ಕಡೆ ಉಳಿದು ಮಾಡುವ ಪ್ರಾರ್ಥನೆ. ರೋಗ ವಾಸಿಯಾಯಿತು, ಮನಸ್ಸು ಹಗುರವಾಯಿತು ಎಂದು ಹೋದವರು ಬಂದು ಹೇಳುವುದು ರೂಢಿ. ಒಮ್ಮೆ ಒಬ್ಬರು ಧ್ಯಾನದಲ್ಲಿ ತನ್ನ ಬೆನ್ನುನೋವು ಪೂರ್ತಿ ಹೋಯಿತು ಎಂದರು. ಚೇಡತ್ತಿ ಸೌಟು ಎತ್ತಿದವರು ನನ್ನ ಕಡೆ ಬಾಗಿ ಮೆಲ್ಲಗೆ, "ಹೌದು ಡಾಕ್ಟ್ರೇ, ಅತ್ತೆಯ ಬೆನ್ನುನೋವು ಹೋಯ್ತು. ಈಗ ಸೊಸೆಗೆ ಬಂದುಂಟು," ಎಂದರು. ಹೇಳಿ ಕೂಡಲೇ ತೋರ್ತು ತೆಗೆದು ಮುಖ ಉಜ್ಜಿಕೊಂಡರು, ನೋಂಬು ಮುರಿಯಿತಲ್ಲ!

ಇಷ್ಟೆಲ್ಲ ಮಾಡುವ ಹೆಂಗಸು ಪೂಜೆಯಲ್ಲಿ ಪ್ರಸಾದ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ಸಾಲು ಹಿಡಿದು ಪಾದ್ರಿಗಳ ಕೈಯಿಂದ ಪ್ರಸಾದ ಪಡೆಯಲು ಹೋಗುವಾಗ ಅವರು ಬೆಂಚಿನಲ್ಲಿ ನೆಟ್ಟಗೆ ಕುಳಿತಿರುತ್ತಿದ್ದರು. ಇನ್ನೊಂದು ಸಂಗತಿ ನನ್ನ ಕಿವಿಗೆ ಬಿದ್ದದ್ದು ಹಿಂದಿನ ಬಾಗಿಲಲ್ಲಿ ನಿಂತಿದ್ದಾಗ. ಇಡೀ ಇಗರ್ಜಿಯಲ್ಲಿ ಎಲ್ಲರಿಗಿಂತ ಮೇಲೆ ಕೇಳುವ ದನಿ ಚೇಡತ್ತಿಯದು. ಪ್ರತಿ ಪ್ರಾರ್ಥನೆಯಲ್ಲೂ ಒಂದು ಜಾಗದಲ್ಲಿ ಆ ದನಿ ನಿಂತುಹೋಗಿ, ಒಂದು ಸಾಲು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ತಡೆಯಲಾಗದೆ ಒಂದು ದಿನ ಕೇಳಿಬಿಟ್ಟೆ.

"ಅದು ನಾವು ಕ್ಷಮಿಸಿದ್ದೇವೆ ಅಂತ ಹೇಳುವ ಸಾಲು," ಎಂದರು. "ನನಗೆ ಒಬ್ಬನನ್ನು ಕ್ಷಮಿಸ್ಲಿಕ್ಕೆ ಆಗ್ಲಿಲ್ಲ. ಕ್ಷಮಿಸದೆ ಆ ಸಾಲು ಹೇಳುದು, ಪ್ರಸಾದಕ್ಕೆ ಕೈ ಚಾಚುದು, ಅದು ದೇವರ ಎದುರು ಸುಳ್ಳು ಹೇಳಿದ ಹಾಗೆ. ನಾನು ಬೈತೇನೆ ಡಾಕ್ಟ್ರೇ. ಸುಳ್ಳು ಹೇಳುದಿಲ್ಲ."

ಕ್ಷಮಿಸಲಾಗದೆ ಇದ್ದದ್ದು ಗಂಡನ ತಮ್ಮನನ್ನು. ಚೇಡತ್ತಿ ಮದುವೆಯಾಗಿ ಬಂದಾಗ ಆತ ಶಾಲೆಗೆ ಹೋಗುವ ಪ್ರಾಯದವನು. ತಾಯಿ ಇಲ್ಲದ ಆ ಮನೆಯಲ್ಲಿ ಇವರೇ ಅನ್ನ ಹಾಕಿ, ತಲೆ ಬಾಚಿ, ಬೈದು, ಬೆಳೆಸಿದ್ದು. ಮುಂದೆ ಆ ಮೈದುನ ಕೂಡ ಮದುವೆಯಾಗಿ ಪಕ್ಕದಲ್ಲೇ ಮನೆ ಮಾಡಿಕೊಂಡು, ಒಂದು ಜೀಪು ಇಟ್ಟುಕೊಂಡಿದ್ದರು. ಒಂದು ನೋಂಬಿನ ಕಾಲದಲ್ಲಿ ಚೇಡತ್ತಿಯ ಗಂಡನಿಗೆ ಎದೆನೋವು ಬಂತು. ಆ ದಿನ ಮೈದುನ ಜೀಪು ತೆಗೆದುಕೊಂಡು ಧ್ಯಾನಕ್ಕೆ ಹೋಗಿದ್ದರು. ಅಲ್ಲಿ ಒಳಗೆ ಹೋಗುವಾಗ ಎಲ್ಲರೂ ಫೋನು ಬಂದ್ ಮಾಡಬೇಕು. ಚೇಡತ್ತಿ ಕರೆದರು, ಕರೆದರು, ಕರೆಯುತ್ತಲೇ ಇದ್ದರು. ಕೊನೆಗೆ ಬೇರೆ ಗಾಡಿ ಸಿಕ್ಕಿ ಪುತ್ತೂರಿನ ದಾರಿ ಹಿಡಿದಾಗ ತಡವಾಗಿತ್ತು. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಗಂಡ ಅವರ ಮಡಿಲಲ್ಲೇ ತೀರಿಹೋದರು.

ಅಳುತ್ತ ಓಡಿ ಬಂದ ಮೈದುನನಿಗೆ ಊರಿನವರೆಲ್ಲರ ಎದುರು ಚೇಡತ್ತಿ ಹೇಳಿದ್ದು ಒಂದೇ ಮಾತು: "ನನ್ನ ಅಂಗಳಕ್ಕೆ ಕಾಲಿಡ್ಬೇಡ." ಆತ ಕಾಲಿಡಲಿಲ್ಲ. ಗಂಡ ಹೆಂಡತಿ ಜಾಗ ಮಾರಿ ಸುಳ್ಯದಾಚೆ ಆಲೆಟ್ಟಿಗೆ ಹೋದರು. ಊರಿಗೆಲ್ಲ ಚೇಡತ್ತಿಯಾದವರಿಗೆ, ಆ ಹೆಸರು ಹಿಡಿದು ಕರೆಯುವ ನಿಜವಾದ ಹಕ್ಕಿದ್ದ ಒಬ್ಬನೇ ಮನುಷ್ಯ ಹೀಗೆ ದೂರವಾದ. ಮೈದುನನ ತಪ್ಪಿಲ್ಲವೆಂದು ಚೇಡತ್ತಿಗೂ ಗೊತ್ತಿತ್ತು. "ತಲೆಗೆ ಗೊತ್ತುಂಟು. ಇಲ್ಲಿಗೆ ಗೊತ್ತಾಗುದಿಲ್ಲ," ಎಂದು ಎದೆ ಮುಟ್ಟಿ ತೋರಿಸಿದ್ದರು. ಹೊಸದಾಗಿ ಬಂದ ಎಳೆಯ ಪಾದ್ರಿಗಳು ಸಮಾಧಾನ ಮಾಡಲು ಹೋಗಿ, "ಒಂದು ಧ್ಯಾನಕ್ಕೆ ಹೋಗಿ ಬನ್ನಿ ಚೇಡತ್ತಿ, ಎಲ್ಲ ಸರಿ ಆಗ್ತದೆ," ಎಂದರಂತೆ. ಪಾಪ, ಅವರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಆ ದಿನ ಚೇಡತ್ತಿಯ ತೋರ್ತು ಎರಡು ತುಂಡಾಯಿತು.

ಈಗ ಆ ಗುರುವಾರಕ್ಕೆ ಬರುತ್ತೇನೆ. ಈಸ್ಟರಿಗೆ ಮೊದಲಿನ ಗುರುವಾರ ಅವರಿಗೆ ಪೆಸಹಾ. ಆ ಸಂಜೆ ಮನೆಮನೆಯಲ್ಲಿ ಅಕ್ಕಿ ಉದ್ದು ಕಡೆದು ಹಬೆಯಲ್ಲಿ ಅಪ್ಪಂ ಬೇಯಿಸಿ, ಅದರ ಮೇಲೆ ತೆಂಗಿನ ಗರಿಯ ಸಣ್ಣ ಶಿಲುಬೆ ಇಟ್ಟು, ಪ್ರಾರ್ಥನೆ ಮಾಡಿ, ಮನೆಯ ಹಿರಿಯ ಅದನ್ನು ಮುರಿದು ಎಲ್ಲರಿಗೂ ಕೊಡಬೇಕು. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಅಪ್ಪಂ ಮಾಡುವ ಹಾಗಿಲ್ಲ. ಅಂಥ ಮನೆಗೆ ಹತ್ತಿರದವರು ಮಾಡಿ ಒಯ್ದು ಕೊಡುವುದು ಪದ್ಧತಿ. ಆ ವರ್ಷ ಆಲೆಟ್ಟಿಯಲ್ಲಿ ಮೈದುನನ ಹೆಂಡತಿ ತೀರಿಹೋಗಿದ್ದರು. ಮಕ್ಕಳಿಲ್ಲ. ಹತ್ತಿರದವರು ಎಂದು ಉಳಿದದ್ದು ಚೇಡತ್ತಿ ಒಬ್ಬರೇ.

ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಬೇಲಿಯಾಚೆಯಿಂದ ಕರೆ ಬಂತು. "ಡಾಕ್ಟ್ರೇ, ಒಮ್ಮೆ ಬನ್ನಿ." ಹೋಗಿ ನೋಡಿದರೆ ಚೇಡತ್ತಿ ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತಿದ್ದರು. ಎದುರಿಗೆ ಒಂದು ಪಾತ್ರೆ ಹಿಟ್ಟು.

"ಎಂತ ಆಯ್ತು ಚೇಡತ್ತಿ?"

"ಹಿಟ್ಟು ಉಬ್ಬಿತು."

ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಹಿಟ್ಟು ಉಬ್ಬದಿದ್ದರೆ ಗಲಾಟೆ, ಇಲ್ಲಿ ಉಬ್ಬಿದ್ದಕ್ಕೆ ದುಃಖ! ಚೇಡತ್ತಿ ಬಿಡಿಸಿ ಹೇಳಿದರು. ಪೆಸಹಾದ ಹಿಟ್ಟು ಉಬ್ಬಬಾರದು. ಹಿಂದೆ ಇಸ್ರೇಲಿನ ಜನ ಈಜಿಪ್ಟಿನ ರಾಜನ ಗುಲಾಮರಾಗಿದ್ದರು. ಬಿಡುಗಡೆಯಾದ ರಾತ್ರಿ ಹಿಟ್ಟು ಉಬ್ಬಲಿ ಎಂದು ಕಾಯಲು ಅವರಿಗೆ ಪುರುಸೊತ್ತಿರಲಿಲ್ಲ. ಕಲಸಿದ್ದನ್ನು ಹಾಗೆಯೇ ಬೇಯಿಸಿಕೊಂಡು ಓಡಿದರು. ಅದರ ನೆನಪಿಗೆ ಈ ಅಪ್ಪಂ. ಅದಕ್ಕೇ ಕಡೆದ ಕೂಡಲೇ ಬೇಯಿಸಿಬಿಡಬೇಕು.

"ಬೆಳಿಗ್ಗೆ ಪೂಜೆಯಿಂದ ಬಂದು ಕಡೆದೆ," ಎಂದರು. "ಅವನಿಗೂ ಸೇರಿಸಿಯೇ ಕಡೆದದ್ದು. ಒಲೆಗೆ ಇಡುವಾಗ ಕೋಪ ಬಂತು. ನಾನು ಯಾಕೆ ಕೊಂಡುಹೋಗ್ಬೇಕು ಅಂತ ಇಲ್ಲಿ ಕೂತೆ. ಪಾಪ ಅಂತ ಅನಿಸಿತು, ಎದ್ದೆ. ಪುನಃ ಕೋಪ ಬಂತು, ಕೂತೆ. ನಾನು ಏಳುದು ಕೂರುದು ಮಾಡುವಷ್ಟರಲ್ಲಿ ಈ ಸೆಕೆಗೆ ಹಿಟ್ಟು ಹುಳಿ ಬಂದು ಮೇಲೆ ಬಂತು ನೋಡಿ. ಇಷ್ಟು ವರ್ಷದಲ್ಲಿ ನನ್ನ ಪೆಸಹಾ ಹಿಟ್ಟು ಉಬ್ಬಿದ್ದಿಲ್ಲ!"

ಪಾತ್ರೆಯನ್ನೇ ನೋಡುತ್ತಿದ್ದವರು ತಟ್ಟನೆ ತಲೆಯೆತ್ತಿದರು. ಆ ಕಣ್ಣುಗಳು ನನಗೆ ಈಗಲೂ ಕಾಣುತ್ತವೆ.

"ಹಿಟ್ಟು ಅರ್ಧ ದಿವಸ ಇಟ್ಟದ್ದಕ್ಕೆ ಹೀಗೆ ಆಯ್ತು. ನಾನು ಒಳಗೆ ಎಷ್ಟು ವರ್ಷದಿಂದ ಇಟ್ಟುಕೊಂಡು ಕೂತಿದ್ದೇನೆ ಡಾಕ್ಟ್ರೇ!"

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಚೇಡತ್ತಿ ಎದ್ದು ನಿಂತರು ನೋಡಿ, ಇಡೀ ವಠಾರಕ್ಕೆ ಜೀವ ಬಂತು. ಉಬ್ಬಿದ ಹಿಟ್ಟನ್ನು ದನಕ್ಕೆ ಹಾಕಲು ಹೊರಟರು. "ಬೇಡ, ಹೊಟ್ಟೆ ಉಬ್ಬರಿಸ್ತದೆ," ಎಂದು ತಡೆದೆ. "ಹಾಗಾದ್ರೆ ನಿಮ್ಮ ಮನೆಗೆ ದೋಸೆಗೆ ಆಯ್ತು," ಎಂದು ಪಾತ್ರೆ ನನ್ನ ಕೈಗೆ ಬಂತು. ದನಕ್ಕೆ ಆಗದ್ದು ನಮಗೆ ಆಗುತ್ತದೆ! ಅದೃಷ್ಟಕ್ಕೆ ನೆನೆಸಿದ ಅಕ್ಕಿ ಉದ್ದು ಇನ್ನೂ ಸ್ವಲ್ಪ ಉಳಿದಿತ್ತು. ಮಿಕ್ಸಿಗೆ ಹಾಕಿದರೆ ಕರೆಂಟು ಹೋಯಿತು. ನನ್ನ ಹೆಂಡತಿ ಓಡಿ ಬಂದಳು. ಹಿತ್ತಿಲಲ್ಲಿ ಮೂಲೆ ಸೇರಿದ್ದ ಕಡೆಯುವ ಕಲ್ಲನ್ನು ತೊಳೆದು ಇಬ್ಬರೂ ಎದುರು ಬದುರು ಕುಳಿತರು. ನಾನು ತೆಂಗಿನಕಾಯಿ ತುರಿದೆ. ಬೆರಳಿಗೂ ಸ್ವಲ್ಪ ತಾಗಿತು, ಪರವಾಗಿಲ್ಲ.

"ಬೇಗ, ಬೇಗ! ಉಬ್ಬುವ ಮೊದಲು ಬೇಯ್ಬೇಕು," ಎಂದು ಚೇಡತ್ತಿ ಕೂಗುತ್ತಿದ್ದರು.

"ಬೈಬೇಡಿ ಚೇಡತ್ತಿ, ನೋಂಬು ಉಂಟು," ಎಂದು ನನ್ನ ಹೆಂಡತಿ ನಗುತ್ತಿದ್ದಳು.

"ಇದು ಬೈಗುಳ ಅಲ್ಲ ಮಗಳೇ, ಅವಸರ!"

ಅಪ್ಪಂ ಬೆಂದು, ಮೇಲೆ ಗರಿಯ ಶಿಲುಬೆ ಕೂತು, ಬಾಳೆ ಎಲೆ ಮುಚ್ಚಿ, ಬಟ್ಟೆಯಲ್ಲಿ ಕಟ್ಟಿದ ಪಾತ್ರೆ ಚೇಡತ್ತಿಯ ಮಡಿಲು ಸೇರಿತು. ನಾನು ಆಫೀಸಿಗೆ ಅರ್ಧ ದಿನದ ರಜೆ ಹೇಳಿ ಕಾರು ತೆಗೆದೆ. ಬಿಳಿ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತ ಚೇಡತ್ತಿ ಪಂಜ ದಾಟುವವರೆಗೆ ಪಾತ್ರೆಯ ಗಂಟನ್ನೇ ಬಿಗಿ ಮಾಡುತ್ತಿದ್ದರು. ಪಂಜ ದಾಟಿದ ಮೇಲೆ, "ಗಾಡಿ ತಿರುಗಿಸಿ," ಎಂದರು.

"ಯಾಕೆ ಚೇಡತ್ತಿ?"

"ಅವನು ಬಾಗಿಲು ಹಾಕಿದ್ರೆ?"

ಇಡೀ ಕಡಬವನ್ನು ನಡುಗಿಸಿದ ಹೆಂಗಸಿಗೆ ಹೆದರಿಕೆ! ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಬಾಗಿಲು ಹಾಕಿದ್ರೆ ನೀವು ಒಮ್ಮೆ ಕೂಗಿ. ಬಾಗಿಲು ತನ್ನಷ್ಟಕ್ಕೇ ತೆಗೆದುಕೊಳ್ತದೆ," ಎಂದೆ. ನಕ್ಕರು. ಕಾರು ತಿರುಗಿಸಲಿಲ್ಲ.

ಮುಂದಿನದ್ದು ಹೇಳುವ ಮೊದಲೇ ಒಂದು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗದು. ಆ ವಾರ ಈಸ್ಟರ್ ಪೂಜೆಯಲ್ಲಿ ಚೇಡತ್ತಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಪ್ರಸಾದ ತೆಗೆದುಕೊಂಡರು. ಸಾಯುವವರೆಗೂ ಒಂದು ಸಲವೂ ಬಿಡಲಿಲ್ಲ. ಬೈಗುಳವನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಬೆಳ್ಳಾರೆ ದಾಟಿ, ಸುಳ್ಯ ಪೇಟೆ ಕಳೆದು, ಆಲೆಟ್ಟಿಯಲ್ಲಿ ಒಬ್ಬರ ಹತ್ತಿರ ದಾರಿ ಕೇಳಿ ಆ ಮನೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕಾರಿನ ಸದ್ದಿಗೆ ಒಬ್ಬರು ಹೊರಗೆ ಬಂದರು. ಸಪೂರ ಶರೀರ, ಬಿಳಿ ಮುಂಡು, ನರೆತ ತಲೆ. ಕಾರಿನಿಂದ ಇಳಿದವರನ್ನು ನೋಡಿದವರೇ ಜಗಲಿಯಿಂದ ಬಿರಬಿರನೆ ಇಳಿದರು, ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು. ಮುಂದೆ ಬರಬಹುದೋ ಬಾರದೋ ಅವರಿಗೆ ತಿಳಿಯಲಿಲ್ಲ. ತಮ್ಮದೇ ಅಂಗಳ!

ಚೇಡತ್ತಿ ಪಾತ್ರೆ ಹಿಡಿದು ಅಂಗಳದ ಅಂಚಿನಲ್ಲಿ ನಿಂತಿದ್ದರು. ಕೊನೆಗೆ ಚೇಡತ್ತಿಯ ದನಿ ಬಂತು. ಅಷ್ಟು ಸಣ್ಣ ದನಿ ಅವರಲ್ಲಿ ಇದೆಯೆಂದೇ ನನಗೆ ತಿಳಿದಿರಲಿಲ್ಲ.

"ಮೋನೇ, ನಾನು ನಿನ್ನ ಅಂಗಳಕ್ಕೆ ಬರ್ಬಹುದಾ?"

ಮೋನೇ ಎಂದರೆ ಮಗನೇ. ಮೈದುನ ಓಡಿ ಬಂದರು. "ಚೇಡತ್ತೀ" ಎಂದು ಪಾತ್ರೆಯ ಸಮೇತ ಆ ಕೈಗಳನ್ನು ಹಿಡಿದುಕೊಂಡರು.

ಒಳಗೆ ಗೋಡೆಯಲ್ಲಿ ತೀರಿಹೋದ ಹೆಂಡತಿಯ ಪಟ. ಚೇಡತ್ತಿ ಅದರ ಮುಂದೆ ನಿಂತು, "ನಿನ್ನ ಮಣ್ಣಿಗೂ ನಾನು ಬರ್ಲಿಲ್ಲ ಮಗಳೇ," ಎಂದು ಸೆರಗಿನಿಂದ ಆ ಗಾಜು ಒರೆಸಿದರು. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ಎಲೆಯ ಮೇಲೆ ಅಪ್ಪಂ ಇಟ್ಟಾಯಿತು. ಮನೆಯ ಗಂಡಸಾಗಿ ಮುರಿಯಬೇಕಾದವರು ಮೈದುನ. ಅವರು ಪ್ರಾರ್ಥನೆಗೆ ಕುಳಿತುಕೊಳ್ಳುವ ಮೊದಲು ಅಂಗಿಯ ಕಿಸೆಯಿಂದ ಸಣ್ಣದೊಂದು ಫೋನು ತೆಗೆದು, ಕಣ್ಣಿಗೆ ಕಾಣುವ ಹಾಗೆ ಎಲೆಯ ಪಕ್ಕದಲ್ಲಿ ಇಟ್ಟರು.

"ಪ್ರಾರ್ಥನೆಗೆ ಫೋನು ಯಾಕೆ?" ಎಂದರು ಚೇಡತ್ತಿ.

ಅವರು ತಲೆ ತಗ್ಗಿಸಿದರು. "ನಾನು ಬಂದ್ ಮಾಡುದಿಲ್ಲ ಚೇಡತ್ತಿ. ಅವತ್ತಿನಿಂದ ಒಂದು ದಿವಸವೂ ಬಂದ್ ಮಾಡ್ಲಿಲ್ಲ. ಇಗರ್ಜಿಗೆ ಹೋದ್ರೂ ಕಿಸೆಯಲ್ಲೇ. ಸ್ನಾನಕ್ಕೆ ಹೋಗುವಾಗ ಅವಳ ಕೈಯಲ್ಲಿ ಕೊಟ್ಟು ಹೋಗ್ತಿದ್ದೆ. ಈಗ ಹಿಡಿಲಿಕ್ಕೆ ಅವಳೂ ಇಲ್ಲ, ಬಾಗಿಲಿನ ಹತ್ತಿರ ಇಟ್ಟು ಹೋಗುದು. ಯಾರಾದ್ರೂ ಕರೆದ್ರೆ..."

ಕಡಬದಿಂದ ಬರುವಾಗ ಸೆರೆಯಲ್ಲಿರುವುದು ಒಬ್ಬರೇ ಎಂದು ನಾನು ತಿಳಿದಿದ್ದೆ. ಇಬ್ಬರಿದ್ದರು. ಚೇಡತ್ತಿ ಆ ಫೋನನ್ನು ಎತ್ತಿ ಮೈದುನನ ಅಂಗೈಯಲ್ಲಿಟ್ಟು, ಆ ಬೆರಳುಗಳನ್ನು ತಮ್ಮ ಕೈಯಿಂದ ಮಡಚಿದರು.

"ಬಂದ್ ಮಾಡು."

"ಬೇಡ ಚೇಡತ್ತಿ."

"ಬಂದ್ ಮಾಡು ಮೋನೇ. ನಾನು ಹೇಳುದು. ಕರೀಬೇಕಾದವಳು ಇಲ್ಲೇ ಕೂತಿದ್ದೇನಲ್ಲ."

ಅವರು ಗುಂಡಿ ಒತ್ತಿ ಹಿಡಿದರು. ಪರದೆಯ ಬೆಳಕು ಆರಿತು. ಆಮೇಲೆ ಅವರು ಅತ್ತದ್ದು ಮಕ್ಕಳು ಅಳುವ ಹಾಗೆ, ನಾಚಿಕೆ ಇಲ್ಲದೆ. ಚೇಡತ್ತಿ ತಡೆಯಲಿಲ್ಲ, ತಲೆ ಸವರುತ್ತ ಕುಳಿತರು. ಅಳು ಇಳಿದ ಮೇಲೆ ಎಲೆಯನ್ನು ಅವರ ಮುಂದಕ್ಕೆ ಸರಿಸಿದರು.

"ಪ್ರಾರ್ಥನೆ ಶುರು ಮಾಡು. ಬೇಗ ಮುಗಿಸಿ ಅಪ್ಪಂ ಮುರಿ. ಇಷ್ಟು ವರ್ಷ ಎಷ್ಟು ನೋಂಬು ಹಿಡಿದ್ರೂ ನನಗೆ ಹಸಿವಾದದ್ದೇ ಇಲ್ಲ. ಇವತ್ತು ಹಸಿವಾಗ್ತದೆ."